ಲೆಕ್ಕಕ್ಕೆ ಸೇರಿದವರು, ಸೇರದವರು: ಬೇಸ್‌ಬಾಲ್ ಎಂಬ ಪಾಠಶಾಲೆ

1941ರ ಸೆಪ್ಟೆಂಬರ್ 28, ಭಾನುವಾರ. ಅಮೆರಿಕದ ಫಿಲಡೆಲ್ಫಿಯಾ ನಗರದಲ್ಲಿ ಆ ವರ್ಷದ ಬೇಸ್‌ಬಾಲ್ ಋತುವಿನ ಕೊನೆಯ ದಿನ. ಬಾಸ್ಟನ್ ರೆಡ್ ಸಾಕ್ಸ್ ತಂಡದ ಇಪ್ಪತ್ತಮೂರರ ಹರೆಯದ ಟೆಡ್ ವಿಲಿಯಮ್ಸ್ ಅಂದಿನವರೆಗೆ ಲೆಕ್ಕಕ್ಕೆ ಬರುವ 448 ಸರದಿಗಳಲ್ಲಿ ಬ್ಯಾಟು ಬೀಸಿ, 179 ಸಲ ಚೆಂಡನ್ನು ಹೊಡೆದು ಬೇಸ್ ಮುಟ್ಟಿದ್ದರು. 179ನ್ನು 448ರಿಂದ ಭಾಗಿಸಿದರೆ 0.39955 ಬರುತ್ತದೆ. ಬೇಸ್‌ಬಾಲಿನಲ್ಲಿ ಸರಾಸರಿಯನ್ನು ಮೂರು ದಶಮಾಂಶ ಸ್ಥಾನಗಳಿಗೆ ಹೊಂದಿಸಿ ಬರೆಯುವುದು ವಾಡಿಕೆ. ಹಾಗೆ ಬರೆದರೆ ಅದು 0.400 ಆಗುತ್ತದೆ. ಹತ್ತು ಸರದಿಗೆ ನಾಲ್ಕು ಹೊಡೆತವೆಂಬ ಈ ಮಟ್ಟವನ್ನು ಇಡೀ ಋತುವಿನಲ್ಲಿ ಕಾಯ್ದುಕೊಂಡವರು ಆ ಆಟದಲ್ಲಿ ಬಹಳ ವಿರಳ. ಅಂದು ಆಡದೆ ಕುಳಿತಿದ್ದರೆ ಆ ಅಂಕಿ ವಿಲಿಯಮ್ಸ್ ಹೆಸರಿನಲ್ಲಿ ಭದ್ರವಾಗಿ ಉಳಿಯುತ್ತಿತ್ತು. ತಂಡದ ವ್ಯವಸ್ಥಾಪಕ ಜೋ ಕ್ರೋನಿನ್ ಆ ಅವಕಾಶವನ್ನು ಕೊಟ್ಟರೂ ವಿಲಿಯಮ್ಸ್ ಒಪ್ಪಲಿಲ್ಲ. ಆ ದಿನದ ಎರಡೂ ಪಂದ್ಯಗಳಲ್ಲಿ ಆಡಿ, ಎಂಟು ಸರದಿಗಳಲ್ಲಿ ಆರು ಹೊಡೆತ ಗಳಿಸಿದರು. 456ಕ್ಕೆ 185, ಸರಾಸರಿ 0.406.

‘ಋತುವೊಂದರಲ್ಲಿ 0.400 ಮುಟ್ಟಿದ ಕೊನೆಯ ಆಟಗಾರ ಟೆಡ್ ವಿಲಿಯಮ್ಸ್’ ಎಂಬ ಮಾತು ಅಂದಿನಿಂದ ದಶಕಗಳ ಕಾಲ ಅಮೆರಿಕದ ಕ್ರೀಡಾಗ್ರಂಥಗಳಲ್ಲಿ ಅಚ್ಚಾಗುತ್ತ ಬಂದಿತು. ಈ ಮಾತನ್ನು ಓದುಗರು ನೆನಪಿನಲ್ಲಿ ಇಟ್ಟುಕೊಳ್ಳಬೇಕೆಂದು ಕೋರುತ್ತೇವೆ. ಮುಂದೆ ಇದರ ಬಳಿಗೆ ಮರಳಿ ಬರಬೇಕಾಗಿದೆ.

ಆಟವನ್ನು ಹಿಡಿದು ಪಾಠ ಹೇಳುವ ಪದ್ಧತಿ ಅಮೆರಿಕದ ಶಾಲೆಗಳಿಗೆ ಹೊಸತಲ್ಲ. ನ್ಯೂಯಾರ್ಕ್ ರಾಜ್ಯದ ಕೂಪರ್ಸ್‌ಟೌನ್ ಎಂಬ ಸಣ್ಣ ಊರಿನಲ್ಲಿರುವ ಬೇಸ್‌ಬಾಲ್ ವಸ್ತುಸಂಗ್ರಹಾಲಯವು ಗಣಿತ, ವಿಜ್ಞಾನ, ಭೂಗೋಳ, ನಾಗರಿಕ ಹಕ್ಕುಗಳ ಇತಿಹಾಸ ಮೊದಲಾದ ವಿಷಯಗಳಿಗೆ ಬೇಸ್‌ಬಾಲನ್ನೇ ಆಧಾರವಾಗಿಸಿದ ಪಾಠಗಳನ್ನು ಶಿಕ್ಷಕರಿಗಾಗಿ ಸಿದ್ಧಪಡಿಸಿ ಕೊಡುತ್ತದೆ. ಸಂಖ್ಯಾಶಾಸ್ತ್ರವನ್ನು ಇದೇ ಆಟದ ಮೂಲಕ ಕಲಿಸಲೆಂದು ಜಿಮ್ ಆಲ್ಬರ್ಟ್ ಎಂಬ ಪ್ರಾಧ್ಯಾಪಕರು 2003ರಲ್ಲಿ ಒಂದು ಪಠ್ಯವನ್ನೇ ಪ್ರಕಟಿಸಿದರು. ಭೌತಶಾಸ್ತ್ರದ ಕಡೆಯಿಂದ ಯೇಲ್ ವಿಶ್ವವಿದ್ಯಾಲಯದ ರಾಬರ್ಟ್ ಅಡೇರ್ ಅವರ ಗ್ರಂಥ 1990ರಲ್ಲಿಯೇ ಬಂದಿತ್ತು.

ಮೇಲ್ನೋಟಕ್ಕೆ ಇದೊಂದು ಸುಲಭದ ಉಪಾಯದಂತೆ ಕಾಣುತ್ತದೆ. ಮಾವಿನ ಹಣ್ಣಿನ ಬದಲು ಬೇಸ್‌ಬಾಲ್ ಚೆಂಡುಗಳನ್ನು ಇಟ್ಟು ಕೂಡುವ, ಕಳೆಯುವ ಲೆಕ್ಕ ಮಾಡಿಸಿದರೆ ಮಕ್ಕಳು ಒಂದಿಷ್ಟು ಉತ್ಸಾಹದಿಂದ ಕೂತಾರು. ಅಷ್ಟರಿಂದ ಪಾಠವೇನೂ ಬದಲಾಗದು. ಆಟ ಅಲ್ಲಿ ಬರಿಯ ಅಲಂಕಾರ. ಅದಕ್ಕೆ ಹೋಲಿಸಿದರೆ ವಿಲಿಯಮ್ಸ್ ಪ್ರಸಂಗದ ಸ್ವರೂಪ ಬೇರೆ. ‘0.39955 ಎಂಬುದು 0.400 ಹೌದೋ ಅಲ್ಲವೋ?’ ಎಂದು ತರಗತಿಯಲ್ಲಿ ಕೇಳಿದರೆ, ದಶಮಾಂಶವನ್ನು ಹೊಂದಿಸಿ ಬರೆಯುವ ನಿಯಮ ಒಮ್ಮೆಗೇ ಒಂದು ನೈತಿಕ ಪ್ರಶ್ನೆಯಾಗಿ ಬಿಡುತ್ತದೆ. ಪುಸ್ತಕದ ಲೆಕ್ಕದಲ್ಲಿ ಹೌದು. ಆ ಯುವಕನ ಮನಸ್ಸಿನ ಲೆಕ್ಕದಲ್ಲಿ ಅಲ್ಲ. ಆಟವಿಲ್ಲದೆ ಈ ಪಾಠವನ್ನು ಇದೇ ಬಗೆಯಲ್ಲಿ ಹೇಳಲಾಗದು.

ಈ ಅಂಕಿಗಳ ಹುಚ್ಚಿನ ಮೂಲವನ್ನು ಹುಡುಕುತ್ತ ಹೋದರೆ ನಮಗೆ ಪರಿಚಿತವಾದ ಅಂಗಳಕ್ಕೇ ಬಂದು ನಿಲ್ಲುತ್ತೇವೆ. ಇಂಗ್ಲೆಂಡಿನ ಎಕ್ಸೆಟರ್‌ನಲ್ಲಿ 1824ರಲ್ಲಿ ಹುಟ್ಟಿ, ಬಾಲ್ಯದಲ್ಲಿಯೇ ಬ್ರೂಕ್ಲಿನ್ನಿಗೆ ವಲಸೆ ಹೋದ ಹೆನ್ರಿ ಚಾಡ್ವಿಕ್ ಮೊದಲು ಕ್ರಿಕೆಟ್ ವರದಿಗಾರರಾಗಿದ್ದವರು. ಕ್ರಿಕೆಟ್ಟಿನ ಅಂಕಪಟ್ಟಿಯ ಮಾದರಿಯನ್ನು ಬೇಸ್‌ಬಾಲಿಗೆ ಒಗ್ಗಿಸಿ ಬೆಳೆಸಿದವರಲ್ಲಿ ಅವರು ಪ್ರಮುಖರು. ಪಂದ್ಯವನ್ನು ನೋಡದವನೂ ಮಾರನೆಯ ದಿನ ಪತ್ರಿಕೆಯ ಒಂದು ಚೌಕದಲ್ಲಿ ಇಡೀ ಆಟವನ್ನು ಓದಿ ತಿಳಿಯಬಹುದಾಯಿತು. ಆಟವು ಓದುವ ವಸ್ತುವಾದಾಗ ಅದರೊಳಗೆ ಶಾಲೆಗೂ ಒಂದು ಬಾಗಿಲು ತೆರೆಯಿತೆನ್ನಬೇಕು.

ಅಂಕಿಗಳು ಸುಳ್ಳಾಡದೆಯೂ ದಾರಿ ತಪ್ಪಿಸಬಲ್ಲವು ಎಂಬುದಕ್ಕೂ ಇಲ್ಲಿ ಒಳ್ಳೆಯ ನಿದರ್ಶನವಿದೆ. 1995ರಲ್ಲಿ ಡೆರೆಕ್ ಜೀಟರ್ 48 ಸರದಿಗಳಲ್ಲಿ 12 ಹೊಡೆತ ಗಳಿಸಿದರು, ಸರಾಸರಿ 0.250, ಡೇವಿಡ್ ಜಸ್ಟಿಸ್ 411ರಲ್ಲಿ 104, ಸರಾಸರಿ 0.253. ಮರುವರ್ಷ ಜೀಟರ್ 582ರಲ್ಲಿ 183, ಅಂದರೆ 0.314, ಜಸ್ಟಿಸ್ 140ರಲ್ಲಿ 45, ಅಂದರೆ 0.321. ಎರಡೂ ವರ್ಷ ಜಸ್ಟಿಸ್ ಮುಂದೆ. ಎರಡೂ ವರ್ಷಗಳನ್ನು ಕೂಡಿಸಿ ನೋಡಿದರೆ ಜೀಟರ್ 630ಕ್ಕೆ 195, ಸರಾಸರಿ 0.310, ಜಸ್ಟಿಸ್ 551ಕ್ಕೆ 149, ಸರಾಸರಿ 0.270. ಸೋತವರು ಗೆದ್ದುಬಿಟ್ಟರು! ಸರಾಸರಿಗಳ ಸರಾಸರಿಯನ್ನು ನಂಬಬಾರದು, ಪ್ರತಿಯೊಂದರ ಹಿಂದಿರುವ ತೂಕವನ್ನು ನೋಡಬೇಕು ಎಂಬುದನ್ನು ಹತ್ತನೆಯ ತರಗತಿಯ ಹುಡುಗಿಯೊಬ್ಬಳು ಕಾಗದದ ಮೇಲೆ ತಾನೇ ಲೆಕ್ಕ ಮಾಡಿ ಕಂಡುಕೊಳ್ಳಬಹುದು. ಮುಂದೊಂದು ದಿನ ರಾಜ್ಯಗಳ ಸಾಕ್ಷರತೆಯನ್ನೋ ಆಸ್ಪತ್ರೆಗಳ ಮರಣ ಪ್ರಮಾಣವನ್ನೋ ಹೋಲಿಸುವ ಕೋಷ್ಟಕ ಎದುರಾದಾಗ ಈ ಎಚ್ಚರ ಅವಳ ಕೈಬಿಡುವುದಿಲ್ಲ.

ಅಂಗಳದ ಅಳತೆಗಳೂ ಹೀಗೆಯೇ ಪಾಠ ಹೇಳುತ್ತವೆ. ವಜ್ರವೆಂದು ಕರೆಯುವ ಆ ಆಕೃತಿ ವಾಸ್ತವವಾಗಿ ಓರೆಯಾಗಿ ನಿಂತ ಚೌಕ. ಒಂದು ಬೇಸಿನಿಂದ ಇನ್ನೊಂದಕ್ಕೆ 90 ಅಡಿ. ಹಾಗಾದರೆ ಹೋಮ್ ಪ್ಲೇಟಿನ ಹಿಂದೆ ಕೂತ ಆಟಗಾರ ಎರಡನೆಯ ಬೇಸಿಗೆ ಚೆಂಡೆಸೆಯಬೇಕಾದ ದೂರವೆಷ್ಟು? ಸುಮಾರು 127 ಅಡಿ ಎಂಬ ಉತ್ತರ ಪೈಥಾಗೊರಸನ ಪ್ರಮೇಯದಿಂದ ದೊರೆಯುತ್ತದೆ. ಸಮುದ್ರಮಟ್ಟದಿಂದ ಒಂದು ಮೈಲಿ ಎತ್ತರದ ಡೆನ್ವರ್ ನಗರದಲ್ಲಿ ಗಾಳಿ ತೆಳುವಾದ್ದರಿಂದ ಹೊಡೆದ ಚೆಂಡು ಹೆಚ್ಚು ದೂರ ಹಾರುತ್ತದೆ. ಅಲ್ಲಿನ ತಂಡದವರು 2002ರಿಂದ ಚೆಂಡುಗಳನ್ನು ತೇವಾಂಶ ಕಾಯುವ ಕೋಣೆಯಲ್ಲಿ ಇರಿಸತೊಡಗಿದರು. ಎಸೆದ ಚೆಂಡು ನಿಜಕ್ಕೂ ಬಾಗುತ್ತದೆಯೋ, ಅದು ಕಣ್ಣಿನ ಭ್ರಮೆಯೋ ಎಂಬ ವಾದ ಬಹುಕಾಲ ನಡೆದಿತ್ತು. ಸರ್ಕಾರಿ ಮಾನಕ ಸಂಸ್ಥೆಯ ನಿವೃತ್ತ ನಿರ್ದೇಶಕ ಲೈಮನ್ ಬ್ರಿಗ್ಸ್ ತಮ್ಮ ಎಂಬತ್ತರ ಹರೆಯ ದಾಟಿದ ಮೇಲೆ ಗಾಳಿಸುರಂಗದಲ್ಲಿ ಪ್ರಯೋಗ ನಡೆಸಿ, ಸುತ್ತುವ ಚೆಂಡು 17.5 ಅಂಗುಲದವರೆಗೆ ಪಕ್ಕಕ್ಕೆ ಸರಿಯಬಲ್ಲದೆಂದು 1959ರಲ್ಲಿ ಪ್ರಕಟಿಸಿದರು. ನಮ್ಮ ಸ್ಪಿನ್ ಬೌಲರ್‌ಗಳ ಚೆಂಡು ಗಾಳಿಯಲ್ಲಿ ಸರಿಯುವುದೂ ಇದೇ ಕಾರಣದಿಂದ.

ಇಷ್ಟು ಗಣಿತ, ವಿಜ್ಞಾನಗಳ ಮಾತಾಯಿತು. ಬೇಸ್‌ಬಾಲ್ ಅತ್ಯುತ್ತಮವಾಗಿ ಕಲಿಸುವ ವಿಷಯ ಇತಿಹಾಸವೆಂಬುದು ನಮ್ಮ ಅಭಿಪ್ರಾಯ. ಅದರ ಮೊದಲ ಪಾಠ ಆ ವಸ್ತುಸಂಗ್ರಹಾಲಯ ಕೂಪರ್ಸ್‌ಟೌನಿನಲ್ಲಿ ಏಕಿದೆ ಎಂಬ ಪ್ರಶ್ನೆಯಿಂದಲೇ ಆರಂಭವಾಗುತ್ತದೆ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಈ ಆಟದ ಹುಟ್ಟಿನ ಬಗ್ಗೆ ಇಬ್ಬರು ಗೆಳೆಯರ ನಡುವೆ ವಾಗ್ವಾದ ಎದ್ದಿತು. ಇಂಗ್ಲೆಂಡಿನ ಮಕ್ಕಳಾಟವಾದ ರೌಂಡರ್ಸ್‌ನಿಂದ ಇದು ಬೆಳೆಯಿತೆಂದು ಚಾಡ್ವಿಕ್ ಹೇಳಿದರು. ಆಟದ ಸಾಮಗ್ರಿಗಳ ದೊಡ್ಡ ವ್ಯಾಪಾರಿಯಾಗಿದ್ದ ಆಲ್ಬರ್ಟ್ ಸ್ಪಾಲ್ಡಿಂಗ್‌ಗೆ ತಮ್ಮ ರಾಷ್ಟ್ರೀಯ ಆಟ ಪರದೇಶದ ಸಂತಾನವೆಂಬುದು ಸಹಿಸಲಾಗಲಿಲ್ಲ. ಅವರ ಪ್ರೇರಣೆಯಿಂದ 1905ರಲ್ಲಿ ಎ. ಜಿ. ಮಿಲ್ಸ್ ಅವರ ಹೆಸರಿನ ಆಯೋಗವೊಂದು ರಚನೆಯಾಯಿತು. 1839ರಲ್ಲಿ ಕೂಪರ್ಸ್‌ಟೌನಿನಲ್ಲಿ ಆಬ್ನರ್ ಡಬಲ್‌ಡೇ ಎಂಬವರು ಈ ಆಟವನ್ನು ರೂಪಿಸಿದರೆಂದು ಆಯೋಗ 1907ರ ಕೊನೆಯಲ್ಲಿ ತೀರ್ಮಾನಿಸಿತು. ಡಬಲ್‌ಡೇ ಮುಂದೆ ಅಂತರ್ಯುದ್ಧದಲ್ಲಿ ಸೇನಾಧಿಪತಿಯಾಗಿ ಹೆಸರು ಮಾಡಿದವರು. ಆಯೋಗದ ಮುಂದಿದ್ದ ಮುಖ್ಯ ಆಧಾರವೆಂದರೆ ಆಬ್ನರ್ ಗ್ರೇವ್ಸ್ ಎಂಬ ವೃದ್ಧ ಗಣಿ ಎಂಜಿನಿಯರರು ಸುಮಾರು ಆರೂವರೆ ದಶಕಗಳ ನಂತರ ನೆನಪಿನಿಂದ ಬರೆದ ಪತ್ರ. ಡಬಲ್‌ಡೇ 1839ರಲ್ಲಿ ವೆಸ್ಟ್ ಪಾಯಿಂಟ್ ಸೈನಿಕ ಶಾಲೆಯ ವಿದ್ಯಾರ್ಥಿಯಾಗಿದ್ದರು. 1893ರಲ್ಲಿ ತೀರಿಕೊಳ್ಳುವವರೆಗೆ ತಾವು ಬೇಸ್‌ಬಾಲ್ ಕಂಡುಹಿಡಿದುದಾಗಿ ಅವರು ಎಲ್ಲಿಯೂ ಹೇಳಿಕೊಂಡವರಲ್ಲ. ಆದರೂ ಕಥೆ ನಿಂತಿತು. ಅದರ ‘ಶತಮಾನೋತ್ಸವ’ದ ವರ್ಷವಾದ 1939ರಲ್ಲಿ ವಸ್ತುಸಂಗ್ರಹಾಲಯ ಅಲ್ಲಿಯೇ ಉದ್ಘಾಟನೆಯಾಯಿತು.

ಕಥೆಗೆ ವಿರುದ್ಧವಾದ ಸಾಕ್ಷ್ಯಗಳು ಪುಸ್ತಕಗಳಲ್ಲಿ ಮೊದಲಿನಿಂದಲೂ ಇದ್ದವು. ಲಂಡನ್ನಿನ ಪ್ರಕಾಶಕ ಜಾನ್ ನ್ಯೂಬೆರಿ 1744ರಲ್ಲಿ ಹೊರತಂದ ಮಕ್ಕಳ ಪುಸ್ತಕದಲ್ಲಿ ಬೇಸ್‌ಬಾಲ್ ಎಂಬ ಹೆಸರೂ ಚಿತ್ರವೂ ಇವೆ. ಜೇನ್ ಆಸ್ಟಿನ್ ‘ನಾರ್ತ್ಯಾಂಗರ್ ಅಬಿ’ ಕಾದಂಬರಿಯ ಮೊದಲ ಅಧ್ಯಾಯದಲ್ಲಿಯೇ ನಾಯಕಿ ಬಾಲ್ಯದಲ್ಲಿ ಬೇಸ್‌ಬಾಲ್ ಇಷ್ಟಪಡುತ್ತಿದ್ದಳೆಂದು ಹೇಳುತ್ತಾಳೆ. ಆ ಕಾದಂಬರಿ ಅಚ್ಚಾದದ್ದು 1817ರ ಕೊನೆಯಲ್ಲಿ, ಅಂದರೆ ಡಬಲ್‌ಡೇ ಹುಟ್ಟುವುದಕ್ಕೂ ಮುಂಚೆ. ಇಂಗ್ಲಿಷ್ ಸಾಹಿತ್ಯವನ್ನು ಪರೀಕ್ಷೆಗಾಗಿ ಓದಿದ ನಮ್ಮಂಥವರು ಆ ಸಾಲನ್ನು ಕಣ್ಣಾಡಿಸಿ ಮುಂದೆ ಹೋಗಿರುತ್ತೇವೆ. ಮ್ಯಾಸಚೂಸೆಟ್ಸಿನ ಪಿಟ್ಸ್‌ಫೀಲ್ಡ್ ಊರಿನವರು ಸಭಾಭವನದ ಕಿಟಕಿಗಳನ್ನು ಕಾಪಾಡಲು, ಅದರ ಸುತ್ತ 80 ಗಜದೊಳಗೆ ಬೇಸ್‌ಬಾಲ್ ಆಡಕೂಡದೆಂದು 1791ರಲ್ಲಿಯೇ ನಿಯಮ ಮಾಡಿದ್ದರು. ಈ ದಾಖಲೆ ಬೆಳಕಿಗೆ ಬಂದದ್ದು 2004ರಲ್ಲಿ.

ಒಬ್ಬ ವೃದ್ಧರ ಪತ್ರ ಒಂದು ಕಡೆ. ಪುರಸಭೆಯ ನಿಯಮ, ಮಕ್ಕಳ ಪುಸ್ತಕ, ಕಾದಂಬರಿಗಳು ಇನ್ನೊಂದು ಕಡೆ. ಯಾವುದನ್ನು ಏಕೆ ನಂಬಬೇಕು? ಯಾರಿಗೆ ಯಾವ ಕಥೆ ಬೇಕಾಗಿತ್ತು? ಆಕರಗಳನ್ನು ಪರೀಕ್ಷಿಸುವ ವಿದ್ಯೆಯನ್ನು ಕಲಿಸಲು ಇದಕ್ಕಿಂತ ನಿರಪಾಯವಾದ ಉದಾಹರಣೆ ಸಿಗದು. ಇಲ್ಲಿ ಯಾರ ದೇವರಿಗೂ ಯಾರ ಕುಲಕ್ಕೂ ನೋವಿಲ್ಲ. ಪ್ರತಿಯೊಂದು ಊರಿಗೂ ಒಂದು ಸ್ಥಳಪುರಾಣವಿರುವ ನಾಡಿನಿಂದ ಬಂದ ನಮಗೆ ಇದು ಚೆನ್ನಾಗಿ ಅರ್ಥವಾಗಬೇಕು. ಪುರಾಣವನ್ನು ಪ್ರೀತಿಸಬಹುದು, ಇತಿಹಾಸವೆಂದು ಸಹಿ ಹಾಕುವಾಗ ಕೈ ತಡೆಯಬೇಕು.

ಎರಡನೆಯ ಪಾಠ ಇಷ್ಟು ನಿರಪಾಯವಾದದ್ದಲ್ಲ. ಮೋಸಸ್ ಫ್ಲೀಟ್‌ವುಡ್ ವಾಕರ್ ಎಂಬ ಕಪ್ಪು ಆಟಗಾರ 1884ರಲ್ಲಿ ಟೊಲೆಡೊ ತಂಡದ ಪರವಾಗಿ ಮೇಜರ್ ಲೀಗ್ ಮಟ್ಟದಲ್ಲಿ ಆಡಿದ್ದರು. ಆ ದಶಕ ಮುಗಿಯುವುದರೊಳಗೆ ಬಾಗಿಲು ಮುಚ್ಚಿತು. ಕಪ್ಪು ಜನರನ್ನು ಸೇರಿಸಿಕೊಳ್ಳಕೂಡದೆಂಬ ಲಿಖಿತ ನಿಯಮ ಮೇಜರ್ ಲೀಗುಗಳ ಪುಸ್ತಕದಲ್ಲಿ ಇರಲಿಲ್ಲ. ಅದು ಸಭ್ಯರ ನಡುವಿನ ಒಪ್ಪಂದವಾಗಿತ್ತು. ಕಡತಗಳ ನಡುವೆ ದಿನ ಕಳೆಯುವ ನಮ್ಮಂಥವರಿಗೆ ಇಂತಹ ಒಪ್ಪಂದದ ಬಲ ಗೊತ್ತು. ಟಿಪ್ಪಣಿಯಲ್ಲಿ ಬರೆಯದ ಆದೇಶವನ್ನು ಪ್ರಶ್ನಿಸುವುದಕ್ಕೆ ಹಾಳೆಯೇ ಇರುವುದಿಲ್ಲ.

ಹೊರಗುಳಿದವರು ಸುಮ್ಮನೆ ಕೂಡಲಿಲ್ಲ. ರೂಬ್ ಫಾಸ್ಟರ್ ಅವರ ಮುಂದಾಳತ್ವದಲ್ಲಿ 1920ರ ಫೆಬ್ರವರಿಯಲ್ಲಿ ಕಾನ್ಸಾಸ್ ಸಿಟಿಯಲ್ಲಿ ನೀಗ್ರೋ ನ್ಯಾಷನಲ್ ಲೀಗ್ ಹುಟ್ಟಿತು. ಆ ಲೀಗುಗಳ ಮಹಾನ್ ಬ್ಯಾಟುಗಾರರಲ್ಲಿ ಒಬ್ಬರಾದ ಜೋಶ್ ಗಿಬ್ಸನ್ 1947ರ ಜನವರಿ 20ರಂದು, ಕೇವಲ ಮೂವತ್ತೈದನೆಯ ವಯಸ್ಸಿನಲ್ಲಿ ತೀರಿಕೊಂಡರು. ಮೂರು ತಿಂಗಳು ತುಂಬುವುದರೊಳಗೆ, ಏಪ್ರಿಲ್ 15ರಂದು, ಜಾಕಿ ರಾಬಿನ್ಸನ್ ಬ್ರೂಕ್ಲಿನ್ ತಂಡದ ಉಡುಪು ತೊಟ್ಟು ಅಂಗಳಕ್ಕೆ ಇಳಿದರು. ಸೈನ್ಯದಲ್ಲಿ ವರ್ಣಭೇದ ನಿಲ್ಲಿಸುವ ಟ್ರೂಮನ್ ಆದೇಶ ಬಂದದ್ದು 1948ರಲ್ಲಿ. ಶಾಲೆಗಳಲ್ಲಿ ಬೇರ್ಪಡಿಕೆ ಅಸಾಂವಿಧಾನಿಕವೆಂಬ ಸರ್ವೋಚ್ಚ ನ್ಯಾಯಾಲಯದ ತೀರ್ಪು 1954ರಲ್ಲಿ. ಈ ಮೂರು ದಿನಾಂಕಗಳನ್ನು ಒಂದು ಸಾಲಿನಲ್ಲಿ ಬರೆದು, ‘ಶಾಲೆಗಿಂತ ಏಳು ವರ್ಷ ಮೊದಲು ಆಟದ ಬಯಲು ಏಕೆ ತೆರೆಯಿತು?’ ಎಂದು ಶಿಕ್ಷಕರು ಕೇಳಿದರೆ ಒಂದು ವಾರದ ಪಾಠಕ್ಕೆ ಸಾಕು.

ಬಾಗಿಲು ತೆರೆದ ಮೇಲೂ ದಾಖಲೆ ಪುಸ್ತಕ ಮುಚ್ಚಿಯೇ ಇತ್ತು. ಯಾವ ಲೀಗುಗಳನ್ನು ‘ಮೇಜರ್’ ಎಂದು ಎಣಿಸಬೇಕೆಂದು 1969ರಲ್ಲಿ ಸಮಿತಿಯೊಂದು ನಿರ್ಧರಿಸಿತು. ಒಂದೇ ಋತು ನಡೆದು ನಿಂತುಹೋದ ಲೀಗು ಕೂಡ ಸೇರಿದಂತೆ ಆರು ಲೀಗುಗಳಿಗೆ ಮಾನ್ಯತೆ ದೊರೆಯಿತು; ಕಪ್ಪು ಜನರ ಲೀಗುಗಳು ಪರಿಗಣನೆಗೇ ಬರಲಿಲ್ಲ. ಆ ತಪ್ಪನ್ನು ಮೇಜರ್ ಲೀಗ್ ಬೇಸ್‌ಬಾಲ್ ಒಪ್ಪಿಕೊಂಡದ್ದು 2020ರ ಡಿಸೆಂಬರಿನಲ್ಲಿ. ಸಂಶೋಧಕರು ಹಳೆಯ ಕಪ್ಪು ಪತ್ರಿಕೆಗಳಿಂದ ಅಂಕಪಟ್ಟಿಗಳನ್ನು ದಶಕಗಳ ಕಾಲ ಒಂದೊಂದಾಗಿ ಹೆಕ್ಕಿ ತೆಗೆದಿದ್ದರು. 1920ರಿಂದ 1948ರವರೆಗಿನ ಎರಡು ಸಾವಿರಕ್ಕೂ ಹೆಚ್ಚು ಆಟಗಾರರ ಆ ಅಂಕಿಗಳು 2024ರ ಮೇ ತಿಂಗಳಲ್ಲಿ ಅಧಿಕೃತ ದಾಖಲೆಯೊಳಗೆ ಸೇರಿದವು. ಆಗ ಪ್ರಕಟವಾದ ಪಟ್ಟಿಯಲ್ಲಿ ಜೀವಮಾನದ ಸರಾಸರಿಯ ಮೊದಲ ಸ್ಥಾನ ಟೈ ಕಾಬ್ ಅವರ 0.367ರಿಂದ ಜೋಶ್ ಗಿಬ್ಸನ್ ಅವರ 0.372ಕ್ಕೆ ಸರಿಯಿತು. ಸತ್ತು ಎಪ್ಪತ್ತೇಳು ವರ್ಷಗಳಾದ ಮೇಲೆ ಅವರು ಮೊದಲಿಗರಾದರು.

ಆರಂಭದಲ್ಲಿ ನೆನಪಿಡಲು ಕೋರಿದ ಮಾತಿಗೆ ಈಗ ಮರಳಬೇಕು. ಗಿಬ್ಸನ್ 1943ರ ಋತುವಿನಲ್ಲಿ ಗಳಿಸಿದ ಸರಾಸರಿ 0.466 ಎಂದು ಆ ಪಟ್ಟಿಯಲ್ಲಿದೆ. ವಿಲಿಯಮ್ಸ್ ಆಡಿದ್ದು 1941ರಲ್ಲಿ. ಹಾಗಾದರೆ ವಿಲಿಯಮ್ಸ್ 0.400 ಮುಟ್ಟಿದ ‘ಕೊನೆಯ ಆಟಗಾರ’ ಅಲ್ಲ. ಅಷ್ಟು ವರ್ಷ ಪುಸ್ತಕಗಳಲ್ಲಿ ನಿಂತ ಮಾತಿನಲ್ಲಿ ಭಾಗಾಕಾರ ತಪ್ಪಿರಲಿಲ್ಲ, ದಿನಾಂಕ ತಪ್ಪಿರಲಿಲ್ಲ. ಎಣಿಸುವ ಮೊದಲು ಯಾರನ್ನು ಸಾಲಿನಲ್ಲಿ ನಿಲ್ಲಿಸಿದ್ದರು ಎಂಬುದನ್ನು ಕೇಳಿರಲಿಲ್ಲ, ಅಷ್ಟೆ. ವಿಲಿಯಮ್ಸ್ ಅವರ ಹಿರಿಮೆಯೇನೂ ಇದರಿಂದ ಕಡಿಮೆಯಾಗದು. 1966ರಲ್ಲಿ ಕೂಪರ್ಸ್‌ಟೌನಿನ ಗೌರವವನ್ನು ಸ್ವೀಕರಿಸಿ ಮಾತನಾಡುವಾಗ, ಅವಕಾಶ ಸಿಗದೆ ಹೋದ ಸ್ಯಾಚೆಲ್ ಪೇಜ್ ಮತ್ತು ಜೋಶ್ ಗಿಬ್ಸನ್ ಅವರನ್ನು ಹೆಸರಿಸಿ, ಅಂಥವರೂ ಒಂದು ದಿನ ಅಲ್ಲಿ ಸೇರಬೇಕೆಂದು ಬಹಿರಂಗವಾಗಿ ಹೇಳಿದವರು ಅವರೇ. ಗಿಬ್ಸನ್‌ಗೆ 1972ರಲ್ಲಿ ಆ ಗೌರವ ಸಂದಿತು.

ಇಲ್ಲಿ ತರಗತಿಯ ಜಾಣ ವಿದ್ಯಾರ್ಥಿಯೊಬ್ಬ ಎದ್ದು ನಿಂತು ಕೇಳಬಹುದು: ಕಪ್ಪು ಲೀಗುಗಳ ಋತು ಚಿಕ್ಕದಲ್ಲವೇ, ಕಡಿಮೆ ಸರದಿಗಳ ಸರಾಸರಿಯನ್ನು ದೀರ್ಘ ಋತುವಿನ ಸರಾಸರಿಯ ಜೊತೆ ಹೋಲಿಸಬಹುದೇ? ಪ್ರಶ್ನೆ ನ್ಯಾಯವಾದದ್ದು, ಜೀಟರ್ ಮತ್ತು ಜಸ್ಟಿಸ್ ಅವರ ಲೆಕ್ಕ ಕಲಿಸಿದ್ದೂ ಅದನ್ನೇ. ಅದಕ್ಕೆ ಉತ್ತರವಾಗಿ ಇನ್ನೊಂದು ಪ್ರಶ್ನೆ ಕೇಳಬೇಕಾಗುತ್ತದೆ: ಋತು ಚಿಕ್ಕದಾದದ್ದು ಏಕೆ? ಹಣವಿಲ್ಲದ ಆ ತಂಡಗಳು ಊರೂರು ಅಲೆದು, ಲೀಗಿನ ಲೆಕ್ಕಕ್ಕೆ ಸೇರದ ಪಂದ್ಯಗಳನ್ನು ಆಡಿ ಹೊಟ್ಟೆ ಹೊರೆಯಬೇಕಾಗಿತ್ತು. ಅವುಗಳ ಎಷ್ಟೋ ಅಂಕಪಟ್ಟಿಗಳು ಇಂದಿಗೂ ಸಿಕ್ಕಿಲ್ಲ. ಗಣಿತದ ಪ್ರಶ್ನೆಗೆ ಇತಿಹಾಸ ಉತ್ತರ ಹೇಳುವ, ಇತಿಹಾಸದ ಉತ್ತರವನ್ನು ಗಣಿತ ಮತ್ತೆ ಪರೀಕ್ಷಿಸುವ ಈ ಗಳಿಗೆಗಾಗಿಯೇ ಬೇಸ್‌ಬಾಲ್ ತರಗತಿಯೊಳಗೆ ಬರಬೇಕು. ವೇಳಾಪಟ್ಟಿಯಲ್ಲಿ ಗೋಡೆ ಕಟ್ಟಿ ಬೇರ್ಪಡಿಸಿದ ಎರಡು ವಿಷಯಗಳು ಇಲ್ಲಿ ಒಂದನ್ನೊಂದು ಮಾತನಾಡಿಸುತ್ತವೆ.

ಈ ಪದ್ಧತಿಗೂ ಮಿತಿಯಿದೆ. ಆಟದ ಗಂಧವಿಲ್ಲದ ಮಗುವಿಗೆ ಬೇಸ್‌ಬಾಲಿನ ಉದಾಹರಣೆ ಪಾಠದ ಮೇಲೆ ಇನ್ನೊಂದು ಹೊರೆಯಾಗಬಹುದು. ಮೈದಾನವನ್ನು ಗಂಡುಮಕ್ಕಳ ಸೊತ್ತೆಂದು ಭಾವಿಸುವ ಸಮಾಜದಲ್ಲಿ ಹೆಣ್ಣುಮಕ್ಕಳು ಹಿಂದಿನ ಬೆಂಚಿಗೆ ಸರಿಯಬಹುದು. 1943ರಿಂದ 1954ರವರೆಗೆ ಹೆಂಗಸರದೇ ವೃತ್ತಿಪರ ಲೀಗೊಂದು ಅಮೆರಿಕದಲ್ಲಿ ನಡೆದಿತ್ತೆಂದು ಶಿಕ್ಷಕರು ನೆನಪಿಸದಿದ್ದರೆ, ಆಟ ಹಿಡಿದು ಕಲಿಸುವ ತರಗತಿಯೇ ತನ್ನ ಲೆಕ್ಕದಿಂದ ಅರ್ಧದಷ್ಟು ಮಕ್ಕಳನ್ನು ಕೈಬಿಟ್ಟಂತೆ.

ನಮ್ಮ ಮಕ್ಕಳು ಬೇಸ್‌ಬಾಲ್ ಆಡುವವರಲ್ಲ. ಮುಂಬಯಿ, ಪುಣೆ, ಹೈದರಾಬಾದುಗಳ ಗಲ್ಲಿಗಳಲ್ಲಿ ಅವರ ಕೈಗೆ ಸಿಗುವುದು ಕ್ರಿಕೆಟ್ ಬ್ಯಾಟು. ಇದೇ ಪಾಠವನ್ನು ಅವರಿಗೆ ಅವರದೇ ಆಟದಲ್ಲಿ ಹೇಳಲು ನಮ್ಮ ನೆಲದ ಒಂದು ಹೆಸರಿದೆ. ಪಾಲ್ವಂಕರ್ ಬಾಲೂ ಧಾರವಾಡದಲ್ಲಿ ಹುಟ್ಟಿದವರು, ಅಸ್ಪೃಶ್ಯರೆಂದು ದೂರವಿಟ್ಟ ಸಮುದಾಯದವರು. ಪುಣೆಯಲ್ಲಿ ಯುರೋಪಿಯನ್ನರ ಕ್ಲಬ್ಬಿನ ಅಂಗಳ ನೋಡಿಕೊಳ್ಳುತ್ತ, ಅವರ ಅಭ್ಯಾಸಕ್ಕೆ ಚೆಂಡೆಸೆಯುತ್ತ ಎಡಗೈ ಸ್ಪಿನ್ನಿನ ಮಹಾ ಬೌಲರ್ ಆದರು. ಹಿಂದೂ ತಂಡದವರು ಅವರ ಬೌಲಿಂಗನ್ನು ಬಯಸಿದರು. ವಿರಾಮದಲ್ಲಿ ಚಹಾವನ್ನು ಮಾತ್ರ ಹೊರಗೆ, ಮಣ್ಣಿನ ಕುಡಿಕೆಯಲ್ಲಿ ಕೊಟ್ಟರು. 1911ರ ಇಂಗ್ಲೆಂಡ್ ಪ್ರವಾಸದ ಎಲ್ಲ ಪಂದ್ಯಗಳು ಸೇರಿ ನೂರಕ್ಕೂ ಹೆಚ್ಚು ವಿಕೆಟ್ ಪಡೆದ ಬಾಲೂ ಅವರಿಗೆ ಮುಂಬಯಿಯ ಪ್ರಸಿದ್ಧ ಪಂದ್ಯಾವಳಿಯಲ್ಲಿ ಹಿಂದೂ ತಂಡದ ನಾಯಕತ್ವ ದೊರೆಯಲಿಲ್ಲ. ಅದು 1923ರಲ್ಲಿ ಅವರ ತಮ್ಮ ವಿಠಲರಿಗೆ ಸಂದಿತು. ಭಾರತ ತನ್ನ ಮೊದಲ ಟೆಸ್ಟ್ ಆಡಿದ್ದು 1932ರಲ್ಲಿ, ಬಾಲೂ ಆಟ ಮುಗಿಸಿದ ಮೇಲೆ. ಹೀಗಾಗಿ ಟೆಸ್ಟ್ ಅಂಕಪಟ್ಟಿಯಲ್ಲಿ ಅವರ ಹೆಸರಿಲ್ಲ. ಉಳಿದ ಅಂಕಪಟ್ಟಿಗಳಲ್ಲಿ ಅವರು ಪಡೆದ ವಿಕೆಟ್‌ಗಳಿಗೆ ಒಂದು ಕಲಮು ಇದೆ. ಕೊಡದೆ ಹೋದ ನಾಯಕತ್ವಕ್ಕೂ ಆ ಮಣ್ಣಿನ ಕುಡಿಕೆಗೂ ಕಲಮು ಇಲ್ಲ.

ಮಕ್ಕಳಿಗೆ ಸರಾಸರಿ ತೆಗೆಯುವುದನ್ನು ಕಲಿಸುವಾಗ ಈ ಕಲಮಿನ ಮಾತನ್ನೂ ಹೇಳೋಣ. ಭಾಗಾಕಾರವನ್ನು ಯಂತ್ರ ಮಾಡಿಕೊಡುತ್ತದೆ. ಭಾಗಿಸುವ ಮೊದಲು ಪಟ್ಟಿಯಲ್ಲಿ ಯಾರ ಹೆಸರು ಬಿಟ್ಟಿದೆ ಎಂದು ನೋಡುವ ಕೆಲಸ ಮನುಷ್ಯರದು. ಅದನ್ನು ಶಾಲೆಯಲ್ಲಿ ಕಲಿಯದವರು ಮುಂದೆ ಕಚೇರಿಗಳಲ್ಲಿ ಕೂತು ಪಟ್ಟಿ ಮಾಡುತ್ತಾರೆ.